ಶುಗರ್ ಗ್ಲೈಡರಿನ ಆಹಾರ: ನಂಬಿಕೆಯೂ ವಸ್ತುಸ್ಥಿತಿಯೂ

ವಿದೇಶೀ ಪ್ರಾಣಿಗಳನ್ನು ಸಾಕುವ ಅಭಿರುಚಿಯು ಬೆಂಗಳೂರಿನಂಥ ನಗರಗಳಲ್ಲಿ ಈಚೆಗೆ ಹಬ್ಬಿರುವುದರಿಂದ, ಅಂಗೈಯಲ್ಲಿ ಅಡಗುವಷ್ಟು ಪುಟ್ಟದೂ, ವಿಶಾಲವಾದ ಕಣ್ಣುಗಳುಳ್ಳದ್ದೂ, ಮುಂಗಾಲಿನಿಂದ ಹಿಂಗಾಲಿನವರೆಗೆ ಚಾಚಿಕೊಂಡ ಚರ್ಮದ ಪೊರೆಯನ್ನು ಬಿಚ್ಚಿ ಗಾಳಿಯಲ್ಲಿ ತೇಲಬಲ್ಲುದೂ ಆದ ಶುಗರ್ ಗ್ಲೈಡರ್ ಎಂಬ ಪ್ರಾಣಿಯೂ ಕೆಲವರ ಮನೆಗಳನ್ನು ಹೊಕ್ಕಿದೆ. ಅದನ್ನು ಸಾಕಿದವರು ಒಂದು ಮುಂಜಾನೆ ಅದು ಹಿಂಗಾಲುಗಳನ್ನು ಎಳೆದುಕೊಂಡು ತೆವಳುವುದನ್ನು ಕಂಡು, ರಾತ್ರಿಯಲ್ಲಿ ಎಲ್ಲಿಂದಲೋ ಬಿದ್ದು ಕಾಲು ಮುರಿದುಕೊಂಡಿತೆಂದು ಭಾವಿಸಿ ಪಶುವೈದ್ಯರಲ್ಲಿಗೆ ಧಾವಿಸುತ್ತಾರೆ. ಬಿದ್ದಿರಲೂಬಹುದು; ಆದರೆ ಅನೇಕ ವೇಳೆ ಕ್ಷ-ಕಿರಣದ ಚಿತ್ರದಲ್ಲಿ ಗೋಚರಿಸುವುದು ಒಂದು ಮುರಿತವಲ್ಲ, ಬೆನ್ನುಮೂಳೆಯ ಮಣಿಗಳಿಂದ ತೊಡೆಯೆಲುಬಿನವರೆಗೆ ಸಾಂದ್ರತೆಯನ್ನು ಕಳೆದುಕೊಂಡು ಕಾಗದದಂತೆ ತೆಳುವಾದ ಅಸ್ಥಿಪಂಜರ. ಆ ವ್ಯಾಧಿಯ ಮೂಲ ಬಹುಮಟ್ಟಿಗೆ ಪ್ರತಿದಿನವೂ ಪ್ರೀತಿಯಿಂದ ಇಟ್ಟ ಆಹಾರದ ಬಟ್ಟಲಿನಲ್ಲಿಯೇ ಇರುತ್ತದೆ.

ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದೊಡನೆ ಸ್ನಾಯುಗಳ ಸಂಕೋಚನವೂ ಹೃದಯದ ಬಡಿತವೂ ನರಗಳ ವ್ಯಾಪಾರವೂ ಅಸ್ತವ್ಯಸ್ತವಾಗುವುದರಿಂದ, ಅದನ್ನು ಹೇಗಾದರೂ ಸಮಸ್ಥಿತಿಯಲ್ಲಿ ಇಡತಕ್ಕ ಹೊಣೆಯನ್ನು ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹೊತ್ತಿರುತ್ತವೆ. ಆಹಾರದಿಂದ ಕ್ಯಾಲ್ಸಿಯಂ ಸಾಕಷ್ಟು ಬಾರದೆ ರಂಜಕ ಮಾತ್ರ ಯಥೇಚ್ಛವಾಗಿ ಬರುತ್ತಿದ್ದರೆ ಅವು ಮೂಳೆಗಳ ಸಂಗ್ರಹಕ್ಕೇ ಕೈಹಾಕುತ್ತವೆ. ಇಂಥ ಅಪಹರಣವು ತಿಂಗಳುಗಟ್ಟಲೆ ನಿಶ್ಶಬ್ದವಾಗಿ ನಡೆದ ಮೇಲೆಯೇ ಕಾಲು ಸೋಲುವುದು. ಗರ್ಭದಲ್ಲಿ ಸುಮಾರು 16 ದಿನ ಮಾತ್ರ ಇದ್ದು ಹುಟ್ಟಿ, ಅನಂತರ ಎರಡು ತಿಂಗಳಿಗೂ ಮಿಕ್ಕಿ ಹೊಟ್ಟೆಚೀಲದಲ್ಲಿ ಹಾಲುಣ್ಣುತ್ತ ಬೆಳೆಯುವ ಮರಿಗಳಿಗೆ ತನ್ನ ದೇಹದಿಂದಲೇ ಎಲುಬು ಕಟ್ಟಿಕೊಡಬೇಕಾದ ತಾಯಿಯ ಸ್ಥಿತಿ ಇನ್ನೂ ಶೋಚನೀಯ.

ಈ ದುರವಸ್ಥೆಗೆ ಆಧಾರವಾದ ಮೊದಲನೆಯ ತಪ್ಪು ಕಲ್ಪನೆಯೆಂದರೆ ಇದು ಅಳಿಲಿನ ಒಂದು ಪ್ರಭೇದವೆಂಬುದು. ಮಲೆನಾಡಿನವರು ಹಾರುಬೆಕ್ಕು ಎಂದು ಕರೆಯುವ, ನಮ್ಮ ಪಶ್ಚಿಮಘಟ್ಟಗಳ ಹಾರುವ ಅಳಿಲನ್ನು ಬಲ್ಲವರಿಗೆ ಹಾಗೆ ತೋರುವುದು ಸಹಜವೇ. ಪೊರೆಯೂ ಇರುಳಿನ ಸಂಚಾರವೂ ಮರದಿಂದ ಮರಕ್ಕೆ ತೇಲುವ ಕ್ರಮವೂ ಎರಡಕ್ಕೂ ಸಮಾನ. ಆದರೆ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಗಳಲ್ಲಿ ನೆಲಸಿದ ಶುಗರ್ ಗ್ಲೈಡರ್ ಕಾಂಗರೂವಿನ ಬಳಗಕ್ಕೆ ಸೇರಿದ ಹೊಟ್ಟೆಚೀಲದ ಪ್ರಾಣಿಯಾಗಿದ್ದು, ಅಳಿಲಿಗೂ ಅದಕ್ಕೂ ಇರುವ ಹೋಲಿಕೆಯು ರಕ್ತಸಂಬಂಧದ್ದಲ್ಲ, ಒಂದೇ ಬಗೆಯ ಬಾಳುವೆಯಿಂದ ಪ್ರತ್ಯೇಕವಾಗಿ ಸಿದ್ಧಿಸಿದ್ದು. ಅಳಿಲೆಂದು ನಂಬಿ ಸೂರ್ಯಕಾಂತಿಯ ಬೀಜ, ಶೇಂಗಾ, ಗೋಡಂಬಿಗಳನ್ನು ಹಾಕುವವರು ಅದಕ್ಕೆ ಮೇದಸ್ಸನ್ನೂ ರಂಜಕವನ್ನೂ ಉಣಿಸುತ್ತಿದ್ದಾರೆಯೇ ಹೊರತು ಬೇರೇನನ್ನೂ ಅಲ್ಲ. ಸೂರ್ಯಕಾಂತಿಯ ಬೀಜದಲ್ಲಿ ರಂಜಕವು ಕ್ಯಾಲ್ಸಿಯಂಗಿಂತ ಸುಮಾರು 8 ಪಾಲು ಅಧಿಕ. ಬೂಷ್ಟು ಹಿಡಿದ ಶೇಂಗಾ ಮತ್ತು ಮೆಕ್ಕೆಜೋಳಗಳಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವಂತೂ ಯಕೃತ್ತನ್ನೇ ನಾಶಮಾಡಬಲ್ಲುದು.

ಎರಡನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಅನರ್ಥಕಾರಿಯಾದುದು, ಇದು ಫಲಾಹಾರಿ ಎಂಬ ನಂಬಿಕೆ. ಬಾಳೆಹಣ್ಣಿನ ತುಂಡನ್ನು ಎರಡು ಕೈಗಳಲ್ಲಿ ಹಿಡಿದು ಅದು ಆತುರದಿಂದ ತಿನ್ನುವುದನ್ನು ಕಂಡವರಿಗೆ ಇದೇ ಅದರ ನಿಜವಾದ ಆಹಾರವೆಂದು ತೋರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಎ. ಪಿ. ಸ್ಮಿತ್ ಎಂಬ ವಿಜ್ಞಾನಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದ ಕಾಡಿನಲ್ಲಿ ಈ ಪ್ರಾಣಿಗಳ ಆಹಾರವನ್ನು ಪರಿಶೀಲಿಸಿ 1982ರಲ್ಲಿ ಪ್ರಕಟಿಸಿದ ವಿವರದಲ್ಲಿ, ಶರತ್ಕಾಲ ಚಳಿಗಾಲಗಳಲ್ಲಿ ಅವು ಜಾಲಿಯ ಜಾತಿಯ ಮರಗಳ ಅಂಟನ್ನೂ ನೀಲಗಿರಿ ಮರಗಳ ಸಸ್ಯರಸವನ್ನೂ ಆಶ್ರಯಿಸಿ, ವಸಂತ ಗ್ರೀಷ್ಮಗಳಲ್ಲಿ ಬಹುಪಾಲು ಕೀಟಗಳನ್ನು ಬೇಟೆಯಾಡಿ ಬದುಕುವುದು ಕಾಣುತ್ತದೆ. ಹೂವಿನ ಮಕರಂದ, ಪರಾಗ, ಸಸ್ಯಹೇನುಗಳು ಸ್ರವಿಸುವ ಸಿಹಿದ್ರವ ಇವೂ ಅವುಗಳ ಭೋಜನದಲ್ಲಿ ಸೇರುತ್ತವೆ; ಹಣ್ಣಿನ ಪಾಲು ಅತ್ಯಲ್ಪ. ಮುಂದಕ್ಕೆ ಚಾಚಿದ ಕೆಳದವಡೆಯ ಬಾಚಿಹಲ್ಲುಗಳು ತೊಗಟೆಯನ್ನು ಕೊರೆದು ರಸ ಒಸರಿಸುವುದಕ್ಕಾಗಿಯೂ, ಮುಂಗಾಲಿನ ನೀಳವಾದ ನಾಲ್ಕನೆಯ ಬೆರಳು ಬಿರುಕಿನೊಳಗಿನ ಹುಳುವನ್ನು ಮೀಟಿ ತೆಗೆಯುವುದಕ್ಕಾಗಿಯೂ, ಹಿಗ್ಗಿದ ಅಂಧಾಂತ್ರವು ಅಂಟನ್ನು ಹುದುಗೆಬ್ಬಿಸಿ ಜೀರ್ಣಿಸುವುದಕ್ಕಾಗಿಯೂ ರೂಪುಗೊಂಡಿರುವಾಗ, ಆ ದೇಹಕ್ಕೆ ಹಣ್ಣಿನ ತುಂಡುಗಳು ಎಷ್ಟರಮಟ್ಟಿಗೆ ಒಪ್ಪುವುವು? ನೂರು ಗ್ರಾಂ ಬಾಳೆಹಣ್ಣಿನಲ್ಲಿ ಕ್ಯಾಲ್ಸಿಯಂ ಸುಮಾರು 5 ಮಿಲಿಗ್ರಾಂ, ರಂಜಕ ಸುಮಾರು 22 ಮಿಲಿಗ್ರಾಂ. ಸೇಬಿನಲ್ಲಿಯೂ ರಂಜಕವೇ ಮಿಗಿಲು. ಹಣ್ಣು ಕೊಡಲೇಬೇಕೆಂದಿದ್ದರೆ ಕ್ಯಾಲ್ಸಿಯಂ ಮೇಲುಗೈಯಾಗಿರುವ ಪರಂಗಿ, ಅಂಜೂರಗಳು ಲೇಸು, ಅದೂ ಸ್ವಲ್ಪವೇ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಹೇರಳವೆಂದು ಅದನ್ನು ಹಾಕುವವರಿಗೆ, ಅದರಲ್ಲಿರುವ ಆಕ್ಸಲೇಟು ಆ ಕ್ಯಾಲ್ಸಿಯಂ ಅನ್ನು ಬಂಧಿಸಿ ದೇಹಕ್ಕೆ ದಕ್ಕದಂತೆ ಮಾಡುವುದೆಂಬ ಸಂಗತಿ ತಿಳಿದಿರುವುದಿಲ್ಲ.

ಜಾಲಿಯ ಅಂಟು ಕನ್ನಡಿಗರಿಗೆ ಅಪರಿಚಿತ ವಸ್ತುವಲ್ಲ. ನಮ್ಮಲ್ಲಿ ಬಾಣಂತಿಯರಿಗೆ ಕೊಡುವ ಅಂಟಿನ ಉಂಡೆಗೆ ತುಪ್ಪದಲ್ಲಿ ಅರಳಿಸಿ ಹಾಕುವ ಅಂಟು ಇಂಥ ಮರಗಳದೇ. ಸಕ್ಕರೆಯ ಸಂಕೀರ್ಣ ಸರಪಳಿಗಳಿಂದ ಕೂಡಿದ ಒಂದು ಆಮ್ಲವು ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳೊಡನೆ ಬೆರೆತು ಆದ ಲವಣವೇ ಅದಾಗಿರುವುದರಿಂದ, ಕಾಡಿನಲ್ಲಿ ಕೀಟದಿಂದ ಬರುವ ರಂಜಕದ ಆಧಿಕ್ಯವನ್ನು ಅಂಟಿನ ಕ್ಯಾಲ್ಸಿಯಂ ಕೆಲಮಟ್ಟಿಗಾದರೂ ಸರಿದೂಗಿಸುತ್ತದೆ. ಮನೆಯ ಗ್ಲೈಡರಿಗೂ ಆಹಾರದರ್ಜೆಯ ಶುದ್ಧ ಅಂಟಿನ ಪುಡಿಯನ್ನು ನೀರಿನಲ್ಲಿ ಕದಡಿ, ಒಂದು ಒರಟು ಕೊಂಬೆಯ ಬಿರುಕುಗಳಿಗೆ ಬಳಿದಿಟ್ಟರೆ, ಅದು ರಾತ್ರಿಯೆಲ್ಲ ಹಲ್ಲಿನಿಂದ ಕೆರೆದು ನೆಕ್ಕುವುದರಲ್ಲಿ ತಲ್ಲೀನವಾಗುತ್ತದೆ. ತುಪ್ಪ ಬೆಲ್ಲ ಕೂಡಿದ ಉಂಡೆಯನ್ನು ಮಾತ್ರ ಕೊಡತಕ್ಕದ್ದಲ್ಲ.

ಕೀಟವನ್ನು ಕೊಟ್ಟೊಡನೆ ಆಹಾರ ಪರಿಪೂರ್ಣವಾಯಿತೆಂಬುದೂ ಸರಿಯಲ್ಲ. ಪಂಜರದಲ್ಲಿ ಸಾಕಿದ ಚಿಮ್ಮಂಡೆಗಳಲ್ಲಿ ರಂಜಕವು ಕ್ಯಾಲ್ಸಿಯಂಗಿಂತ ಸುಮಾರು 7 ಪಟ್ಟು, ಹಿಟ್ಟುಹುಳುಗಳಲ್ಲಿ 10 ಪಟ್ಟಿಗೂ ಮೀರಿ ಇರುವುದುಂಟು. ಒಟ್ಟು ಆಹಾರದಲ್ಲಿ ಕ್ಯಾಲ್ಸಿಯಂ ರಂಜಕಕ್ಕೆ ಸಮನಾಗಿಯಾದರೂ ಇರಬೇಕು, ಅದರ ಎರಡರಷ್ಟರವರೆಗೆ ಇರಬಹುದು ಎಂಬುದು ಪಶುವೈದ್ಯರು ಒಪ್ಪಿದ ಪ್ರಮಾಣ. ಇದನ್ನು ಒಂದು ಬಟ್ಟಲಿಗೆ ಅನ್ವಯಿಸಿ ನೋಡೋಣ. 5 ಗ್ರಾಂ ಚಿಮ್ಮಂಡೆಗಳಲ್ಲಿ ರಂಜಕ ಹೆಚ್ಚುಕಡಮೆ 15 ಮಿಲಿಗ್ರಾಂ, ಕ್ಯಾಲ್ಸಿಯಂ 2 ಮಿಲಿಗ್ರಾಂ. ಪ್ರಮಾಣವನ್ನು ಎರಡಕ್ಕೊಂದರಂತೆ ಮಾಡಬೇಕಾದರೆ ಇನ್ನೂ 28 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕದಲ್ಲಿ ನೂರಕ್ಕೆ 40 ಪಾಲು ಕ್ಯಾಲ್ಸಿಯಂ ಆಗಿರುವುದರಿಂದ ಅದಕ್ಕೆ 70 ಮಿಲಿಗ್ರಾಂ ಪುಡಿ ಸಾಕು: ಎರಡು ಬೆರಳ ತುದಿಯಲ್ಲಿ ಹಿಡಿಯುವ ಒಂದು ಚಿಟಿಕೆ, ಹುಳುಗಳ ಮೈಮೇಲೆ ತೆಳುವಾಗಿ ಉದುರಿಸುವಷ್ಟು. ಆದುದರಿಂದಲೇ, ಕ್ಯಾಲ್ಸಿಯಂ ಎಷ್ಟು ಹೆಚ್ಚಿದರೆ ಅಷ್ಟು ಕ್ಷೇಮವೆಂದು ಚಮಚದಿಂದ ಸುರಿಯುವುದು ಅವಿವೇಕ. ಅದರೊಡನೆ ವಿಟಮಿನ್ ಡಿ ಮಿತಿಮೀರಿದರೆ ಎಲುಬಿಗೆ ಸೇರಬೇಕಾದ ಸುಣ್ಣವು ಮೂತ್ರಪಿಂಡ, ರಕ್ತನಾಳಗಳಂಥ ಮೃದುವಾದ ಅಂಗಗಳಲ್ಲಿ ಶೇಖರವಾಗುತ್ತದೆ. ಅಂಗಡಿಯಲ್ಲಿ ಕ್ಯಾಲ್ಸಿಯಂ ಎಂಬ ಹೆಸರಿನಲ್ಲಿ ದೊರೆಯುವ ಅನೇಕ ಪುಡಿಗಳು ಡೈಕ್ಯಾಲ್ಸಿಯಂ ಫಾಸ್ಫೇಟಿನವಾಗಿದ್ದು, ಯಾವುದನ್ನು ತಗ್ಗಿಸಬೇಕಾಗಿದೆಯೋ ಆ ರಂಜಕವನ್ನೇ ಅವು ಮತ್ತೆ ತರುವುದರಿಂದ ಡಬ್ಬಿಯ ಮೇಲಿನ ವಿವರವನ್ನು ಓದದೆ ಕೊಳ್ಳಬಾರದು. ಕೀಟಗಳಿಗೂ ಒಂದೆರಡು ದಿನ ಮುಂಚಿತವಾಗಿ ಕ್ಯಾಲ್ಸಿಯಂಯುಕ್ತ ಮೇವನ್ನು ತಿನ್ನಿಸುವುದು ಉತ್ತಮ ಪದ್ಧತಿ.

ಇಲ್ಲಿ ನಮ್ಮ ಸಸ್ಯಾಹಾರೀ ಮನೆಗಳವರಿಗೆ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಹುಳುವನ್ನೂ ಮೊಟ್ಟೆಯನ್ನೂ ಮುಟ್ಟದೆ, ಬೇಳೆ ಪನೀರುಗಳಿಂದ ಈ ಪ್ರಾಣಿಯ ಪ್ರೋಟೀನಿನ ಅವಶ್ಯಕತೆಯನ್ನು ಪೂರೈಸಬಹುದೆಂಬ ನಂಬಿಕೆ ನಿರಾಧಾರವಾದುದು. ಕೀಟಾಹಾರವು ಅದರ ಪ್ರಕೃತಿಧರ್ಮ. ಅದನ್ನು ತಪ್ಪಿಸಿದಾಗ ರಕ್ತಹೀನತೆಯೂ ಪ್ರೋಟೀನಿನ ಕೊರತೆಯೂ ತಲೆದೋರುತ್ತವೆ. ಹಿಂಸೆಗೆ ಮನಸ್ಸು ಒಪ್ಪದವರ ಭಾವನೆ ಗೌರವಾರ್ಹವೇ ಆದರೂ, ಅವರು ಗ್ಲೈಡರನ್ನು ತರದಿರುವುದೇ ಆ ಭಾವನೆಗೆ ಅನುಗುಣವಾದ ನಡೆ. ತಮ್ಮ ವ್ರತದ ಭಾರವನ್ನು ಅದರ ಎಲುಬುಗಳ ಮೇಲೆ ಹೊರಿಸುವುದು ಅಹಿಂಸೆಯೆನಿಸದು.

ಪ್ರಾಣಿಗೆ ತನಗೆ ಬೇಕಾದುದು ತಾನಾಗಿ ಗೊತ್ತಿರುತ್ತದೆ, ಬಗೆಬಗೆಯದನ್ನು ಇಟ್ಟರೆ ಅದೇ ಸಮತೋಲನವಾಗಿ ಆರಿಸಿಕೊಳ್ಳುವುದೆಂಬ ವಾದವನ್ನು ಬಹಳ ಜನ ಮಾಡುತ್ತಾರೆ. ಸಿಹಿಯೆಂಬುದು ದುರ್ಲಭವಾದ, ತೊಗಟೆ ಕೊರೆದು ತೊಟ್ಟುತೊಟ್ಟಾಗಿ ಗಳಿಸಬೇಕಾದ ಕಾಡಿನಲ್ಲಿ ಸಿಹಿಯನ್ನು ಮೊದಲು ಹುಡುಕುವ ಪ್ರವೃತ್ತಿ ಹಿತಕರವಾಗಿತ್ತು. ಅದೇ ಪ್ರವೃತ್ತಿಯು ಬಟ್ಟಲಿನೆದುರು ಅದನ್ನು ವಂಚಿಸುತ್ತದೆ. ದ್ರಾಕ್ಷಿಯನ್ನೆಲ್ಲ ಮುಗಿಸಿ ಉಳಿದುದನ್ನು ಹಾಗೆಯೇ ಬಿಡುವ ಪ್ರಾಣಿಗೆ ಯಜಮಾನನು ಇಟ್ಟ ಆಹಾರ ಸಮತೂಕದ್ದಾಗಿದ್ದರೂ ತಿಂದ ಆಹಾರ ಹಾಗಲ್ಲ. ಇನ್ನೊಂದು ವಿಚಿತ್ರವೂ ಇದೆ: ಹಣ್ಣನ್ನಾಗಲಿ ಕೀಟವನ್ನಾಗಲಿ ಅಗಿದು, ರಸವನ್ನು ಹೀರಿ, ನಾರಿನ ಒಣ ಉಂಡೆಯನ್ನು ಅದು ಉಗುಳಿಬಿಡುತ್ತದೆ. ಬೆಳಿಗ್ಗೆ ಬಟ್ಟಲಿನ ಅಂಚಿನಲ್ಲಿ ಕಾಣುವ ಆ ಚಿಕ್ಕ ಬಿಳಿಚು ಉಂಡೆಗಳನ್ನು ವಾಂತಿಯೆಂದು ಭ್ರಮಿಸಿ ಗಾಬರಿಪಡುವವರುಂಟು. ಅದು ಅದರ ಊಟದ ರೀತಿ. ಹೆಕ್ಕಿ ತಿನ್ನಲು ಎಡೆಗೊಡದಂತೆ ಎಲ್ಲವನ್ನೂ ಸಣ್ಣಗೆ ಹೆಚ್ಚಿ ಇಲ್ಲವೆ ರುಬ್ಬಿ ಬೆರೆಸಿಡುವುದೇ ಸಿಹಿಯನ್ನಷ್ಟೇ ಆರಿಸಿಕೊಳ್ಳುವ ಆ ಪ್ರವೃತ್ತಿಗೆ ಪರಿಹಾರ.

ಅಂಗಡಿಯ ಒಣ ಉಂಡೆಗಳೂ ಒಂದು ಹೋಳು ಸೇಬೂ ಜೀವಮಾನಕ್ಕೆಲ್ಲ ಸಾಕೆಂಬ ಮಾರಾಟಗಾರರ ಮಾತಿಗೆ ಬೆಲೆಕೊಡಬೇಕಾಗಿಲ್ಲ.

ಪಾಕವಿಧಾನಗಳ ವಿಷಯ ಹೆಚ್ಚು ವಿಚಾರಾರ್ಹ. ವಿಕ್ಟೋರಿಯಾದ ಲೆಡ್‌ಬೀಟರ್ ಪಾಸಮ್ ಎಂಬ ಅಪೂರ್ವ ಪ್ರಾಣಿಯ ಹೆಸರನ್ನು ಹೊತ್ತ ಲೆಡ್‌ಬೀಟರ್ ಮಿಶ್ರಣವು ಪಶುವೈದ್ಯ ಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ: 150 ಮಿಲಿಲೀಟರ್ ಬೆಚ್ಚಗಿನ ನೀರು, ಅಷ್ಟೇ ಜೇನುತುಪ್ಪ, ಬೇಯಿಸಿ ಸಿಪ್ಪೆ ತೆಗೆದ ಒಂದು ಮೊಟ್ಟೆ, 25 ಗ್ರಾಂ ಅಧಿಕ ಪ್ರೋಟೀನಿನ ಶಿಶುಆಹಾರದ ಹಿಟ್ಟು, ಒಂದು ಚಹಾಚಮಚ ವಿಟಮಿನ್ ಮತ್ತು ಖನಿಜಗಳ ಪುಡಿ. ಇದನ್ನು ನುಣ್ಣಗೆ ಮಾಡಿ ಶೀತಪೆಟ್ಟಿಗೆಯಲ್ಲಿ ಇಟ್ಟುಕೊಂಡು, ದಿನದ ಆಹಾರದಲ್ಲಿ ಅರ್ಧಭಾಗ ಇದೂ ಉಳಿದರ್ಧ ಕೀಟಗಳೂ ಕೀಟಾಹಾರಿಗಳಿಗೆಂದು ಸಿದ್ಧಪಡಿಸಿದ ಪೋಷಕವೂ ಆಗಿರುವಂತೆ ಕೊಡುವುದು ಒಂದು ಮಾನ್ಯವಾದ ಕ್ರಮ. ನಮ್ಮ ಜನ ಇದರಲ್ಲಿ ಜೇನು ಮೊಟ್ಟೆಗಳನ್ನು ಉಳಿಸಿಕೊಂಡು, ದೊರೆಯಲಿಲ್ಲವೆಂದು ಪುಡಿಯನ್ನು ಬಿಟ್ಟುಬಿಡುತ್ತಾರೆ. ಆ ಪುಡಿಯಿಲ್ಲದ ಮಿಶ್ರಣ ಬರಿಯ ಸಿಹಿನೀರು. ಎರಡು ಮೂರು ವಿಧಾನಗಳಿಂದ ಒಳ್ಳೊಳ್ಳೆಯದನ್ನು ಆಯ್ದು ಕೂಡಿಸಿದರೆ ಇನ್ನೂ ಶ್ರೇಷ್ಠವಾದುದು ಸಿದ್ಧವಾಗುವುದೆಂಬುದೂ ಭ್ರಮೆಯೇ. ಪ್ರತಿಯೊಂದು ವಿಧಾನದ ಲೆಕ್ಕವೂ ಅದರ ಎಲ್ಲ ಅಂಗಗಳು ಕೂಡಿದಾಗ ಮಾತ್ರ ಹೊಂದುವಂಥದು.

100 ಗ್ರಾಂ ತೂಗುವ ಪ್ರಾಣಿಯು ಒಂದು ರಾತ್ರಿಗೆ ತಿನ್ನುವುದು ಒಟ್ಟು 15ರಿಂದ 20 ಗ್ರಾಂ. ಆದುದರಿಂದ ಮುದ್ದಿಗೆಂದು ಕೈಯಿಂದ ಕೊಡುವ ತಿನಿಸು ಒಂದು ಗ್ರಾಮನ್ನು ದಾಟಬಾರದು; ಮನುಷ್ಯನ ಕಣ್ಣಿಗೆ ತೃಣಪ್ರಾಯವಾದ ಒಂದು ಗೋಡಂಬಿ ಅದಕ್ಕೆ ಅಂದಿನ ಊಟದ ಗಣನೀಯ ಭಾಗ. ಚಾಕೊಲೇಟು, ಕಾಫಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಎಂದಿಗೂ ಕೊಡಬಾರದು. ಇದು ನಿಶಾಚರ ಪ್ರಾಣಿಯಾದ ಕಾರಣ ಆಹಾರವನ್ನು ಸಂಜೆ ಇಟ್ಟು, ನಮ್ಮ ಹವೆಯಲ್ಲಿ ಜೇನು ಮೊಟ್ಟೆಗಳ ಮಿಶ್ರಣ ಬೇಗನೆ ಹುಳಿಯುವುದರಿಂದ ಉಳಿದುದನ್ನು ಬೆಳಗಾಗುತ್ತಲೇ ತೆಗೆದುಬಿಡಬೇಕು.

ಇಷ್ಟು ದಿನ ಹಣ್ಣನ್ನೇ ತಿಂದು ಬೆಳೆದ ಗ್ಲೈಡರಿಗೆ ಒಮ್ಮೆಗೇ ಹೊಸ ಆಹಾರವನ್ನು ಇಟ್ಟರೆ ಅದು ಉಪವಾಸ ಬೀಳಬಹುದು. ಅಷ್ಟು ಪುಟ್ಟ ದೇಹಕ್ಕೆ ಒಂದೆರಡು ರಾತ್ರಿಯ ಉಪವಾಸವೂ ಅಪಾಯಕರ. ಹಳೆಯದರೊಡನೆ ಹೊಸದನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಕೆಲವು ವಾರಗಳಲ್ಲಿ ಬದಲಾಯಿಸಿ, ಆ ಅವಧಿಯಲ್ಲಿ ಗ್ರಾಮುಗಳನ್ನು ತೋರುವ ಅಡಿಗೆಮನೆಯ ತಕ್ಕಡಿಯಲ್ಲಿ ಅದನ್ನು ಆಗಾಗ ತೂಗಿ ಬರೆದಿಟ್ಟುಕೊಳ್ಳಬೇಕು. ಹಿಂಗಾಲು ನಡುಗುವುದಾಗಲಿ, ಕೊಂಬೆಯ ಹಿಡಿತ ತಪ್ಪುವುದಾಗಲಿ ಕಂಡುಬಂದರೆ ಮನೆಯಲ್ಲಿಯೇ ಪುಡಿ ಹಾಕುತ್ತ ಕಾಯದೆ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು; ಆರಂಭದಲ್ಲಿಯೇ ಚಿಕಿತ್ಸೆ ದೊರೆತರೆ ಮತ್ತೆ ನಡೆದಾಡುವ ಸಂಭವವುಂಟು. ನಾಯಿ ದನಗಳನ್ನು ನೋಡುವ ವೈದ್ಯರೆಲ್ಲರಿಗೂ ಈ ಪ್ರಾಣಿಯ ಪರಿಚಯವಿರುವುದಿಲ್ಲವಾದುದರಿಂದ, ಅದನ್ನು ಬಲ್ಲವರು ಊರಿನಲ್ಲಿ ಯಾರಿದ್ದಾರೆಂಬುದನ್ನು ಗ್ಲೈಡರನ್ನು ಮನೆಗೆ ತರುವ ಮುನ್ನವೇ ವಿಚಾರಿಸಿಕೊಂಡಿರಬೇಕು.