ಬಂಡೆ ಬೆಟ್ಟವೂ ನಮ್ಮ ಊರ ಕೆರೆಯೂ



ಮಾಗಡಿಯ ಸಾವನದುರ್ಗ, ರಾಮನಗರದ ರಾಮದೇವರ ಬೆಟ್ಟ, ಕನಕಪುರದ ಕಬ್ಬಾಳದುರ್ಗ, ಇವನ್ನು ನಾವು ದೇವರಿಗೆ ಕೈಮುಗಿಯಲು ಹತ್ತುತ್ತೇವೆ. ಇಳಿದ ಮೇಲೆ ಮಾತ್ರ, ‘ಬರೀ ಬಂಡೆ, ಒಂದು ಸೇರು ರಾಗಿಯೂ ಬೆಳೆಯದು’ ಎನ್ನುತ್ತೇವೆ. ಈ ಮಾತು ಅರ್ಧ ಮಾತ್ರ ನಿಜ.

ಭೂಮಿಯ ಒಳಗೆ ಕರಗಿದ್ದ ಕಲ್ಲು ಸುಮಾರು 250 ಕೋಟಿ ವರ್ಷಗಳ ಹಿಂದೆ ಆರಿ ಗಟ್ಟಿಯಾಯಿತು. ಮೇಲಿದ್ದುದೆಲ್ಲ ಸವೆದುಹೋದ ಮೇಲೆ ಈ ಬೆಟ್ಟಗಳಾಗಿ ಹೊರಗೆ ಕಂಡಿತು. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟು ಎನ್ನುವರು. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಿಂದಿನ ಹೆಸರು. ಸಾವನದುರ್ಗದ ತುದಿಯು ಸಮುದ್ರಮಟ್ಟಕ್ಕಿಂತ 1,226 ಮೀಟರು, ಅಂದರೆ ಸುಮಾರು 4,000 ಅಡಿ ಎತ್ತರದಲ್ಲಿದೆ.

ಬಂಡೆಯು ನೀರು ಕುಡಿಯುವುದಿಲ್ಲ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು. ಉತ್ತ ಹೊಲದಲ್ಲಾದರೆ ಅದರಲ್ಲಿ ಹೆಚ್ಚಿನ ಪಾಲು ಮಣ್ಣಿಗೆ ಇಂಗುತ್ತದೆ. ಬಂಡೆಯ ಮೇಲಿನದು ಕೆಳಕ್ಕೆ ಹರಿದು ಬರುತ್ತದೆ. ಬುಡದಲ್ಲಿ ಕುರುಚಲು ಕಾಡು ಇದ್ದರೆ ಆ ನೀರಿನ ಓಟ ತಗ್ಗಿ, ಒಂದಿಷ್ಟು ಇಂಗಿ ಬಾವಿಗೆ ಸೇರುತ್ತದೆ, ಉಳಿದದ್ದು ತಿಳಿಯಾಗಿ ಕೆರೆಗೆ ಬರುತ್ತದೆ. ಕಾಡು ಇಲ್ಲವಾದರೆ ಅದೇ ನೀರು ಒಂದೇ ರಭಸಕ್ಕೆ ಇಳಿದು, ಮೇಲ್ಮಣ್ಣನ್ನು ಕೊಚ್ಚಿ ತಂದು ಕೆರೆಗೆ ತುಂಬುತ್ತದೆ. ಎಳೆ ಹುಲ್ಲು ಬರಲೆಂದು ಬೇಸಗೆಯಲ್ಲಿ ಗುಡ್ಡಕ್ಕೆ ಬೆಂಕಿ ಇಡುವವರು, ಆ ಹುಲ್ಲಿನ ಬೆಲೆಯನ್ನು ಕೆರೆಯ ಹೂಳಿನಲ್ಲಿ ಲೆಕ್ಕ ಹಾಕಲಿ.

ಈ ಕುರುಚಲನ್ನು ಬಲ್ಲವರು ಇರುಳಿಗರು. ಜೇನು, ಗೆಡ್ಡೆ ತಂದು ಕಾಡಿನಲ್ಲೇ ಬಾಳಿದ ಜನ; ಈಗ ಅನೇಕರು ನಮ್ಮ ಹೊಲ ತೋಟಗಳಲ್ಲಿ ಕೂಲಿಗೆ ಬರುತ್ತಾರೆ. ಬೆಟ್ಟದ ಬುಡದಲ್ಲಿ ಯಾವ ಗಿಡ ನೆಟ್ಟರೆ ನಿಂತೀತು ಎಂದು ಅವರ ಹಿರಿಯರನ್ನು ಕೇಳಿರಿ. ನಮ್ಮ ವ್ಯವಸಾಯದ ಪುಸ್ತಕಗಳಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಚನ್ನಪಟ್ಟಣದ ಬೊಂಬೆಗೆ ಬೇಕಾದ ಆಲೆ ಮರವೂ ಇಂಥ ಒಣಕಾಡಿನದೇ.

ಬೆಟ್ಟದಿಂದ ನಮಗೆ ನೀರು ಬರುವಂತೆ, ನಮ್ಮಿಂದ ಬೆಟ್ಟಕ್ಕೆ ವಿಷ ಹೋಗುವುದೂ ಉಂಟು. ರಾಮದೇವರ ಬೆಟ್ಟ (1975ರ ‘ಶೋಲೆ’ ಚಿತ್ರದಿಂದ ಪಟ್ಟಣದವರಿಗೂ ಪರಿಚಯವಾದದ್ದು) 2012ರಲ್ಲಿ ರಣಹದ್ದುಗಳ ಧಾಮವಾಯಿತು. ನೋವಿಗೆಂದು ಡೈಕ್ಲೋಫೆನಾಕ್ ಕೊಟ್ಟ ದನ ಸತ್ತು, ಅದನ್ನು ಹದ್ದು ತಿಂದರೆ ಹದ್ದಿನ ಮೂತ್ರಪಿಂಡ ಕೆಟ್ಟು ಸಾಯುತ್ತದೆ. 2006ರಲ್ಲೇ ಈ ಔಷಧಿಯನ್ನು ದನಗಳಿಗೆ ಕೊಡಬಾರದೆಂದು ಸರ್ಕಾರ ನಿಷೇಧಿಸಿದೆ. ಮನುಷ್ಯರ ಔಷಧಿಯನ್ನು ಅಂಗಡಿಯಿಂದ ತಂದು ದನಕ್ಕೆ ಚುಚ್ಚಿಸಬೇಡಿ. ಪಶುವೈದ್ಯರಲ್ಲಿ ಮೆಲಾಕ್ಸಿಕಾಮ್ ಕೇಳಿರಿ. ಅದರಿಂದ ಹದ್ದಿಗೆ ಅಪಾಯವಿಲ್ಲ.

ಭರಣಿ ಮಳೆಗೆ ಮುಂಚೆ ಊರವರು ಒಂದು ದಿನ ಗೊತ್ತುಮಾಡಿಕೊಂಡು, ಬೆಟ್ಟದಿಂದ ಕೆರೆಗೆ ಬರುವ ಕಾಲುವೆಯ ಉದ್ದಕ್ಕೂ ನಡೆದು ನೋಡಿರಿ. ಹೂಳು, ಮುಳ್ಳು, ಒತ್ತುವರಿ ಎಲ್ಲಿದೆಯೆಂದು ಗುರುತು ಹಾಕಿಕೊಂಡು ಪಂಚಾಯಿತಿಗೆ ಬರೆದುಕೊಡಿರಿ. ಹೂಳನ್ನು ತೆಗೆದರೆ ಎಸೆಯಬೇಡಿ, ಕೆಂಪು ಹೊಲಕ್ಕೆ ಹರಡಿರಿ.