ಗಂಡಭೇರುಂಡ: ಎರಡು ತಲೆ, ಒಂದೇ ಹೊಟ್ಟೆ

ಬೆಂಗಳೂರಿನಿಂದ ಬಂದ ಸರ್ಕಾರಿ ಕಾಗದವೊಂದರ ಮೇಲಿನ ಲಾಂಛನ ನೋಡಿ ನಮ್ಮ ಮಗಳು, "ಅಪ್ಪ, ಈ ಹಕ್ಕಿ ನಿಜವಾಗಿ ಇತ್ತಾ?" ಎಂದು ಕೇಳಿದಳು. "ಇಲ್ಲಮ್ಮ, ಬರೀ ಕಲ್ಪನೆ" ಎಂದುಬಿಟ್ಟೆ. ಆಮೇಲೆ ಹುಡುಕುತ್ತಾ ಹೋದಾಗ, ಉತ್ತರ ಅಷ್ಟು ಸುಲಭವಲ್ಲ ಎನಿಸಿತು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಎತ್ತರದ ಕಂಬವಿದೆ. ಅಲ್ಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ! ಬೇಲೂರಿನ ಶಿಲ್ಪಿಯಂತೂ ಒಂದು ಆಹಾರ ಸರಪಳಿಯನ್ನೇ ಕೆತ್ತಿದ್ದಾನೆ. ಜಿಂಕೆಯನ್ನು ಹೆಬ್ಬಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ ಹಿಡಿದರೆ, ಶರಭನನ್ನು ಹಿಡಿಯುವುದು ಗಂಡಭೇರುಂಡ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಕೊಕ್ಕು, ಉಗುರುಗಳಲ್ಲಿ ಆನೆಗಳನ್ನೇ ಎತ್ತಿಕೊಂಡಿದೆ. ಮುಂದೆ ಮೈಸೂರು ಒಡೆಯರ ಲಾಂಛನವಾಗಿ, ಈಗ ನಮ್ಮ ರಾಜ್ಯದ ಲಾಂಛನದ ನಡುವೆ ಕೂತಿದೆ.

ಆನೆ ಎತ್ತುವ ಹಕ್ಕಿ ಇಲ್ಲ, ಸರಿ. ಆದರೆ ಎರಡು ತಲೆ? 2018ರಲ್ಲಿ ಇಲ್ಲೇ ಉತ್ತರ ವರ್ಜೀನಿಯಾದ ವುಡ್‌ಬ್ರಿಜ್‌ನಲ್ಲಿ ಎರಡು ತಲೆಯ ಕಾಪರ್‌ಹೆಡ್ ಹಾವಿನ ಮರಿ ಸಿಕ್ಕಿತು. ಎಕ್ಸ್‌ರೇ ತೆಗೆದು ನೋಡಿದರೆ ಶ್ವಾಸನಾಳ ಎರಡು, ಅನ್ನನಾಳ ಎರಡು, ಹೃದಯ ಮಾತ್ರ ಒಂದೇ. ಚುರುಕಾಗಿದ್ದದ್ದು ಎಡಗಡೆಯ ತಲೆ; ಆದರೆ ಅನ್ನನಾಳ ಚೆನ್ನಾಗಿ ಬೆಳೆದಿದ್ದದ್ದು ಬಲಗಡೆಯದು! 2021ರಲ್ಲಿ ಸೌತ್ ಕೆರೊಲಿನಾದ ಎಡಿಸ್ಟೊ ಬೀಚಿನಲ್ಲಿ ಎರಡು ತಲೆಯ ಕಡಲಾಮೆ ಮರಿಯೂ ಕಂಡಿತು. ಭ್ರೂಣ ಅವಳಿಯಾಗಲು ಹೊರಟು ಪೂರ್ತಿ ಬೇರ್ಪಡದೆ ಉಳಿದರೆ ಹೀಗಾಗುತ್ತದೆ. ಇಂಥವು ಕಾಡಿನಲ್ಲಿ ಬದುಕುವುದು ತೀರಾ ಕಷ್ಟ. ಅಪಾಯ ಬಂದಾಗ ಒಂದು ಮಿದುಳು ಎಡಕ್ಕೆ ಎಂದರೆ ಇನ್ನೊಂದು ಬಲಕ್ಕೆ ಎನ್ನುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದೇ ಹಾರ್ಡ್‌ವೇರ್, ಎರಡು ಆಪರೇಟಿಂಗ್ ಸಿಸ್ಟಮ್. ಊಟದ ಮುಂದೆ ತಲೆಗಳೆರಡೂ ಜಗಳವಾಡುವುದೂ ಉಂಟು.

ಪಂಚತಂತ್ರ ಹೇಳುವುದೂ ಇದನ್ನೇ. ಭಾರುಂಡ ಪಕ್ಷಿಯ ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು. ಇನ್ನೊಂದು ತಲೆ ಪಾಲು ಕೇಳಿದರೆ, "ಹೇಗಿದ್ದರೂ ಹೋಗುವುದು ಒಂದೇ ಹೊಟ್ಟೆಗಲ್ಲವೇ" ಎಂಬ ಉತ್ತರ ಬಂತು. ಲೆಕ್ಕ ಸರಿಯೇ; ನಾಲಿಗೆಗೆ ಮಾತ್ರ ರುಚಿ ಸಿಗಲಿಲ್ಲ. ಸಿಟ್ಟಿಗೆದ್ದ ಆ ತಲೆ ಒಂದು ದಿನ ವಿಷದ ಹಣ್ಣು ತಿಂದಿತು. ಹಕ್ಕಿ ಸತ್ತುಹೋಯಿತು.

ಮಗಳಿಗೆ ಕೊಟ್ಟ ಉತ್ತರವನ್ನು ಈಗ ತಿದ್ದಿದ್ದೇನೆ. "ಇದೆ ಪುಟ್ಟಿ, ನಮ್ಮ ಮನೆಯಲ್ಲೇ ಇದೆ. ಒಂದು ತಲೆ ಇಲ್ಲಿ, ಇನ್ನೊಂದು ಊರಲ್ಲಿ." ಇಲ್ಲಿಯ ತಲೆಗೆ ಸಿಹಿ ಹಣ್ಣು ಸಿಕ್ಕಿದೆ. ಊರಿನ ಶಾಲೆಗೆ, ಆಸ್ಪತ್ರೆಗೆ ನಾವು ಕಳಿಸುವುದು ದಾನವೆಂದು ಬೀಗಬೇಕಿಲ್ಲ ಸ್ನೇಹಿತರೇ. ಅದು ಇನ್ನೊಂದು ತಲೆಯ ಪಾಲು, ಅಷ್ಟೆ.