‘ಣ’ಗೆ ಯಾವ ಚಿತ್ರ?

(ದೃಶ್ಯ: ಅಕ್ಷರದ ಪುಟದ ಮೇಲೆ ಮಗುವಿನ ಬೆರಳು)
‘ಅ’ಗೆ ಅಳಿಲು, ‘ಇ’ಗೆ ಇಲಿ. ಸರಿ, ‘ಣ’ಗೆ?

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ. ಆದರೆ ‘ಣ’ದಿಂದ, ‘ಳ’ದಿಂದ ಶುರುವಾಗುವ ಕನ್ನಡ ಪದ ಹುಡುಕಿದರೂ ಸಿಗುವುದಿಲ್ಲ! ಅದಕ್ಕೇ ಚಿತ್ರಪುಸ್ತಕಗಳು ಆ ಅಕ್ಷರಗಳನ್ನು ಪದದ ಒಳಗೆ ತೋರಿಸುತ್ತವೆ.

(ದೃಶ್ಯ: ಬಳೆ, ಮಳೆ, ಹೊಳೆಯ ಚಿತ್ರಗಳು)
ಇಲ್ಲಿ ಕೈಹಿಡಿಯುವುದು ಪ್ರಾಸ. ಬಾಣ, ಜಾಣ. ಬಳೆ, ಮಳೆ, ಹೊಳೆ. ನಾಲ್ಕು ಸಲ ಹಾಡಿದರೆ ‘ಳ’ ಕಿವಿಯಲ್ಲಿ ಕೂತುಬಿಡುತ್ತದೆ. ಆಮೇಲೆ ಕಣ್ಣು ಅದನ್ನು ಗುರುತಿಸುತ್ತದೆ. ನಮ್ಮ ಹಳೆಯ ಕವಿಗಳೂ ಸಾಲಿನ ಎರಡನೆಯ ಅಕ್ಷರಕ್ಕೇ ಪ್ರಾಸ ಕಟ್ಟುತ್ತಿದ್ದರು. ಬಳೆ, ಮಳೆಯಲ್ಲಿ ಇರುವುದೂ ಅದೇ ಗುಟ್ಟು!

(ದೃಶ್ಯ: ಹಂಪಿಯ ಗಜಶಾಲೆ)
ಮನೆಯಲ್ಲಿ ಪುಸ್ತಕ ಇಲ್ಲವೇ? ನಮ್ಮ ಸೀಮೆಯೇ ಪುಸ್ತಕ.
‘ಆ’: ಹಂಪಿಯಲ್ಲಿ 11 ಕೋಣೆಗಳ ಗಜಶಾಲೆ ಕಟ್ಟಿಸಿಕೊಂಡ ಆನೆ.
‘ಡ’: ಹೊಸಪೇಟೆಯ ಡ್ಯಾಮು.
‘ಭ’: ಕಂಪ್ಲಿಯ ಭತ್ತ.
‘ಲ’: ಸಂಡೂರಿನ ಲಂಬಾಣಿ ಕಸೂತಿ. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ.

ಈಗ ಪ್ರಾಸ ಸೇರಿಸೋಣ:
ಕ ಕರಡಿ ದರೋಜಿ ಗುಡ್ಡದಾಗ,
ಹ ಹರಿಗೋಲು ಹಂಪಿ ಹೊಳ್ಯಾಗ!

(ದೃಶ್ಯ: ಖಾಲಿ ಹಾಳೆ, ಬಣ್ಣದ ಕಡ್ಡಿಗಳು)
ಮುಂದಿನ ಸಾಲು? ಇವತ್ತು ರಾತ್ರಿ ಮಗುವನ್ನೇ ಕೇಳಿ. ಚಿತ್ರವನ್ನೂ ಅದೇ ಬಿಡಿಸಲಿ.